ನಳಿಗೆ ಬಡಿದು ಕೇಳುವವರು

ಅವರು ಎಡಚರು. ಹಾಗಾಗಿ ಅವರ ಏಟು ಯಾವಾಗಲೂ ಎದುರಿಗಿದ್ದವನ ಬಲಗೆನ್ನೆಗೆ ಬೀಳುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕಿನಲ್ಲಿ ಕೋವಿ ಲೈಸೆನ್ಸು ಇದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ್ದರೆ, ಕಾಲುಭಾಗ ಜನ ತಮ್ಮ ಬಲಗೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ನಾನೂ ಒಬ್ಬ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬರುವುದು ಅವರಿಗೆ ಆಗುತ್ತಿರಲಿಲ್ಲ, ಮತ್ತು ಒಮ್ಮೆ ನಾನು ಆ ಹೆಸರನ್ನು ಕಾಗದದ ಮೇಲೆ ಬರೆದು ಮಾಡಿದ ಅನಾಹುತವೇ ಸಾಕು.

ತೀರ್ಥಹಳ್ಳಿಯಲ್ಲಿ ಹೊಳೆಗೆ ಇಳಿಯುವ ಬೀದಿಯಲ್ಲಿ ಅವರ ಕೋವಿ ರಿಪೇರಿ ಅಂಗಡಿ. ಒಂದು ಕುಲುಮೆ, ಕಬ್ಬಿಣ ಬಡಿಯುವ ಒಂದು ಅಡಿಗಲ್ಲು, ಗೋಡೆಗೆ ಒರಗಿದ ಕೋವಿಗಳು. ಕೂರಲು ಬೆಂಚು ಇರಲಿಲ್ಲ. ಬಂದವರು ಕೂತರೆ ಮಾತಾಡುತ್ತಾರೆ, ಮಾತಾಡಿದರೆ ಬೇಟೆಯ ಸುಳ್ಳು ಹೇಳುತ್ತಾರೆ, ಸುಳ್ಳು ಕೇಳಿದರೆ ಕೈ ಏಳುತ್ತದೆ ಎಂಬುದು ಅವರ ಲೆಕ್ಕ. ಒಮ್ಮೆ ಒಬ್ಬ ಕುಡುಕ ತನ್ನ ಜೋಡುನಳಿಗೆ ಕೋವಿಯನ್ನು ಎಣ್ಣೆ ಹಾಕಿಸಲು ತಂದ. ಹೆಂಡತಿಯ ಹಣೆಗೆ ಅದನ್ನು ಹಿಡಿದು ಹೆದರಿಸುತ್ತಾನೆ ಎಂಬ ಮಾತು ಊರಲ್ಲಿತ್ತು. ಇವರು ಏನೂ ಕೇಳದೆ ಇಟ್ಟುಕೊಂಡು, ಎರಡೂ ನಳಿಗೆಗೆ ಸೀಸ ಕಾಯಿಸಿ ಹೊಯ್ದು, ಹೊರಗಡೆ ಮುಖ ಕಾಣುವ ಹಾಗೆ ಹೊಳಪು ಕೊಟ್ಟು ವಾಪಸು ಕೊಟ್ಟರು.

"ಇನ್ನು ಹೆದರ್ಸು. ಕೋವಿ ಕುದುರೆ ಎಳೆದ್ಯೋ, ಹಿಂದಗಡೆಯಿಂದ ನಿನ್ನ ಕಣ್ಣಿಗೇ ಬರ್ತದೆ" ಎಂದರು. ಅವನು ತಿರುಗಿ ಬೈದದ್ದಕ್ಕೆ ಇಕ್ಕಳದಲ್ಲಿ ಅವನ ಕಿವಿ ಹಿಡಿದು ಬಸ್‌ ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೋದರಂತೆ. ಇದನ್ನು ನಾನು ನೋಡಿಲ್ಲ. ಆದರೆ ಅವನ ಕಿವಿ ನೋಡಿದ್ದೇನೆ.

ಅವರ ಸಿಟ್ಟಿಗೆಲ್ಲ ಬೇರು ಒಂದೇ. ಅವರ ಅಪ್ಪನೂ ಇದೇ ಕಸುಬಿನವರು. ಅಪ್ಪ ಕೊರೆದು ಕೊಟ್ಟ ನಳಿಗೆಯೊಂದು ಹಂದಿ ಬೇಟೆಯಲ್ಲಿ ಒಡೆದು ಒಬ್ಬನ ಮುಖ ಹೋಗಿ ಅವನು ಸತ್ತ. ಸತ್ತವನ ಕಡೆಯವರು ಬಂದು, ಅಪ್ಪನ ಎರಡೂ ಕೈಯನ್ನು ಅದೇ ಅಂಗಡಿಯ ಅಡಿಗಲ್ಲಿನ ಮೇಲೆ ಇಟ್ಟು, ಅದೇ ಅಂಗಡಿಯ ಸುತ್ತಿಗೆಯಿಂದ ಜಜ್ಜಿದರು. ಮಗನಿಗೆ ಆಗ ಹದಿನೈದು ವರ್ಷ, ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಎಂಟು ವರ್ಷ ಅಪ್ಪನಿಗೆ ಅನ್ನ ಕಲಸಿ ಬಾಯಿಗಿಟ್ಟವರು ಇವರೇ. ಇದನ್ನು ನನಗೆ ಅವರೇ ಹೇಳಿದ್ದು, ಒಂದು ಸ್ಪ್ರಿಂಗಿಗೆ ಅರ ಹಾಕುತ್ತಾ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ. ಕೊನೆಗೆ, "ನಾನು ಇರೋ ತನಕ ಈ ಮೂರು ತಾಲೂಕಲ್ಲಿ ಒಂದು ಕೋವಿ ಒಡೀಬಾರ್ದು ಮಾರಾಯ. ಅಷ್ಟೇ ನಂಗೆ ಬೇಕಾದ್ದು" ಎಂದರು. ಅಲ್ಲಿಯವರೆಗೂ ಒಂದೂ ಒಡೆದಿರಲಿಲ್ಲ.

ಅದಕ್ಕೆ ಅವರು ಒಂದು ಕ್ರಮ ಮಾಡಿಕೊಂಡಿದ್ದರು. ಆಯುಧಪೂಜೆಗೆ ಒಂದು ವಾರ ಮೊದಲು ಎಲ್ಲರೂ ತಮ್ಮ ತಮ್ಮ ಕೋವಿ ತಂದು ಅವರ ಅಂಗಡಿಯಲ್ಲಿ ಒಪ್ಪಿಸಬೇಕು. ಪೂಜೆಯ ದಿನ ಕೋವಿಗೆ ಕುಂಕುಮ ಇಟ್ಟು ಆಕಾಶಕ್ಕೆ ಒಂದು ಈಡು ಹಾರಿಸುವುದು ದೊಡ್ಡ ಮನೆಗಳ ಪದ್ಧತಿ. ವರ್ಷವಿಡೀ ಮೂಲೆಯಲ್ಲಿ ತುಕ್ಕು ತಿಂದ ಕೋವಿ ಅಂದೇ ಒಡೆಯುವ ಸಂಭವ ಹೆಚ್ಚು. ಇವರು ನಳಿಗೆಯನ್ನು ಬಿಚ್ಚಿ, ದಾರದಲ್ಲಿ ತೂಗುಹಾಕಿ, ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಿದ್ದರು. ಗಂಟೆಯಂತೆ ನಾದ ಎಳೆದರೆ ಸರಿ. ಒಡೆದ ಮಡಕೆಯಂತೆ ಸತ್ತ ಶಬ್ದ ಬಂದರೆ ಆ ಕೋವಿ ವಾಪಸು ಹೋಗುತ್ತಿರಲಿಲ್ಲ. ಯಜಮಾನ ಎಷ್ಟೇ ದೊಡ್ಡವನಾಗಲಿ, ಹಟ ಹಿಡಿದರೆ ಕೆನ್ನೆಗೆ ಬೀಳುತ್ತಿತ್ತು.

ನಾನು ಆಗ ಸಾಗರದಲ್ಲಿ ಗುಮಾಸ್ತ. ಅಣೆಕಟ್ಟಿನ ನೀರಲ್ಲಿ ಮುಳುಗಿದ ಜಮೀನಿನ ಕಾಗದಪತ್ರ ನೋಡುವ ಆಫೀಸು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರು ಮಣ್ಣಿನ ಬಿಲ್ಲೆಯನ್ನು ಗಾಳಿಗೆ ಚಿಮ್ಮುವ ಸ್ಪ್ರಿಂಗಿನ ಯಂತ್ರವೊಂದನ್ನು ತಂದಿದ್ದರು. ಊರ ಹೊರಗಿನ ಬೋಳುಗುಡ್ಡದ ಮೇಲೆ ಭಾನುವಾರ ಬೆಳಿಗ್ಗೆ ಅದನ್ನು ಹೂಡುತ್ತಿದ್ದರು. ಬಿಲ್ಲೆ ಹಾರುತ್ತದೆ, ಕೋವಿ ಎತ್ತಿ ಹೊಡೆಯಬೇಕು, ಅದು ಪುಡಿಯಾಗಿ ಉದುರಬೇಕು. ಮೊದಲ ದಿನ ನೋಡಿದಾಗಲೇ ನನಗೆ ಅದರ ಹುಚ್ಚು ಹಿಡಿಯಿತು. ಒಂದು ಪ್ರಾಣಿ ಸಾಯುವುದಿಲ್ಲ, ಆದರೂ ಒಡೆದು ಚೂರಾಗುವುದರ ಸುಖವೆಲ್ಲ ಇದೆ. ನನ್ನೊಳಗೆ ಅಂಥ ಆಸೆ ಇತ್ತು ಎಂದು ನನಗೇ ಗೊತ್ತಿರಲಿಲ್ಲ.

ಕೋವಿ ತೆಗೆದುಕೊಳ್ಳುತ್ತೇನೆಂದು ನನ್ನ ತಾಯಿಗೆ ಹೇಳಿದಾಗ, "ಎಂಗಳ ಮನೇಲಿ ಜಿರಳೆ ಹೊಡೆದವ್ರೂ ಇಲ್ಲೆ. ನಿಂಗೆ ಎಂತಕ್ಕೆ ಕೋವಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬಿಲ್ಲೆಗಳನ್ನು ಮಾಡುತ್ತಿದ್ದದ್ದು ಹೊಸನಗರದ ದಾರಿಯ ಒಬ್ಬ ಕುಂಬಾರ. ಒಮ್ಮೆ ಬೆಂಕಿ ಹೆಚ್ಚಾಗಿ ಬಿಲ್ಲೆ ಕಲ್ಲಿನಂತಾಯಿತು. ಕೋವಿಯ ಸೀಸದ ಚರೆ ತಾಗಿದರೂ ಒಡೆಯದೆ ಟಣ್ಣೆಂದು ಬಿದ್ದು ಉರುಳತೊಡಗಿತು. ಹೀಗೆ ಭಾನುವಾರ ಸೇರುತ್ತಿದ್ದ ನಮ್ಮ ಬಿಲ್ಲೆ ಕೂಟದ ಕೋವಿಗಳನ್ನು ಬಡಿದು ನೋಡಲು ಬಂದಿದ್ದ ರಿಪೇರಿಯವರು, ಅಲ್ಲಿಂದಲೇ ಬಸ್ಸು ಹತ್ತಿ ಕುಂಬಾರನ ಮನೆಗೆ ಹೋಗಿ, ಉಳಿದ ಬಿಲ್ಲೆಗಳನ್ನೆಲ್ಲ ಒಂದೊಂದಾಗಿ ಅವನ ಗೋಡೆಗೆ ಎಸೆದರು. ಗೋಡೆ ಕಿತ್ತು ಬಂತು, ಬಿಲ್ಲೆ ಒಡೆಯಲಿಲ್ಲ. ಕುಂಬಾರನ ಹೆಂಡತಿ ಒಳಗಿಂದ ಬಂದವಳೇ ಮಡಕೆ ತಟ್ಟುವ ಹಲಗೆಯಿಂದ ಅವರ ಬೆನ್ನಿಗೆ ಎರಡು ಬಾರಿಸಿದಳು. ಇವರು ತಿರುಗಿ ನೋಡಿ, "ಸರಿ ಹೊಡ್ದೆ" ಎಂದು ಕೂತು, ಎಷ್ಟು ಹೊತ್ತು ಸುಟ್ಟರೆ ಎಷ್ಟು ಗಟ್ಟಿಯಾಗುತ್ತದೆ ಎಂದು ಅವಳನ್ನೇ ಕೇಳಿ ತಿಳಿದುಕೊಂಡರು. ಅಲ್ಲಿಂದ ಮುಂದೆ ಅವಳನ್ನು ಮಾತ್ರ ಅವರು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

ಲೈಸೆನ್ಸು ಕೈಗೆ ಬಂದ ಮೇಲೆ, ನನ್ನ ಗುಮಾಸ್ತಿಕೆಯ ಸಂಬಳಕ್ಕೆ ಎಟಕುವ ಕೋವಿ ಹುಡುಕಿಕೊಂಡು ಅವರ ಅಂಗಡಿಗೆ ಹೋದೆ. ಆಗ ಯುದ್ಧದ ನಂತರದ ಕಟ್ಟುಪಾಡಿನಿಂದ ಹೊರದೇಶದ ಕೋವಿ ಬರುವುದು ನಿಂತಿತ್ತು. ಇದ್ದ ಹಳೆಯವಕ್ಕೆ ಚಿನ್ನದ ಬೆಲೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ದಾರ ತೆಗೆದು ನನ್ನ ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದು, ಎರಡು ಗಂಟು ಹಾಕಿ ಜೇಬಿಗಿಟ್ಟುಕೊಂಡರು.

"ಮೊದ್ಲು ಹೂವು ಬಳ್ಳಿ ಕೆತ್ತನೆ ನೋಡ್ಬೇಡ. ಮದುವೆ ಹೆಣ್ಣಲ್ಲ ಇದು. ನಳಿಗೆ ಬಿಚ್ಚಿ ಆಕಾಶಕ್ಕೆ ಹಿಡಿದು ಒಳಗೆ ನೋಡು. ಕಪ್ಪು ಉಂಗುರ ಕಂಡ್ರೆ ಅಲ್ಲಿ ಉಬ್ಬಿದೆ ಅಂತ. ಮತ್ತೆ ಕೂಡಿಸಿ ಕಿವಿ ಹತ್ರ ಅಲ್ಲಾಡ್ಸು. ಹಳೇ ಹಲ್ಲಿನ ಹಾಗೆ ಲೊಟಕ್ ಅಂದ್ರೆ ಬ್ಯಾಡ. ಆಮೇಲೆ ಬಡ್ದು ಕೇಳು. ಕೊನೇಗೆ ಕಣ್ಣು ಮುಚ್ಕೊಂಡು ಭುಜಕ್ಕೆ ಎತ್ತು. ಕಣ್ಣು ಬಿಟ್ಟಾಗ ನಳಿಗೆ ನೆಟ್ಟಗೆ ನೋಡ್ತಿರಬೇಕು. ಕೋವಿ ಕೆನ್ನೆ ಹುಡ್ಕಿಕೊಂಡು ಬರಬೇಕು, ಕೆನ್ನೆ ಕೋವಿ ಹುಡ್ಕಿಕೊಂಡು ಹೋಗಬಾರ್ದು."

ಇಷ್ಟೆಲ್ಲ ಹೇಳಿ ಅವರು ತೆಗೆದುಕೊಟ್ಟದ್ದು ಒಂದು ಒಂಟಿನಳಿಗೆ. ಯಾವುದೋ ಎಸ್ಟೇಟಿನ ಕಾವಲುಗಾರನದು. ಭುಜಕ್ಕೆ ಕೊಡುವ ಮರದ ಹಿಡಿ ಸೀಳಿ, ತಂತಿ ಸುತ್ತಿತ್ತು. ನನ್ನ ಮುಖ ಪೆಚ್ಚಾಯಿತು.

"ಕೂಟದಲ್ಲಿ ಎಲ್ಲರದ್ದೂ ಜೋಡುನಳಿಗೆ" ಎಂದೆ.

"ಹಾರೋದು ಒಂದು ಬಿಲ್ಲೆ. ಎರಡ್ನೇ ಈಡು ಇದೆ ಅಂತ ಗೊತ್ತಿದ್ರೆ ಮೊದಲ್ನೇದು ಸೋಮಾರಿ ಆಗ್ತದೆ. ನಳಿಗೆ ಚಿನ್ನ ಇದ್ದ ಹಾಗಿದೆ. ಹಿಡಿ ಗಿಡ್ಡ, ನಿನ್ನ ತೋಳಿಗೆ ಸಾಲಲ್ಲ. ನಾನೇ ಹೊಸದು ಕೆತ್ತಿ ಕೊಡ್ತೀನಿ. ಎರಡು ತಿಂಗಳು ತಡಿ."

ನಾನು ತಡೆಯಲಿಲ್ಲ. ನಮ್ಮ ಕೂಟದಲ್ಲಿ ತೀರ್ಥಹಳ್ಳಿಯ ಕಡೆಯ ಒಬ್ಬ ಗೌಡರ ಮಗ ಇದ್ದ. ನನ್ನ ವಯಸ್ಸಿನವನೇ, ನಗುಮುಖದವನು, ಜೀಪು ಇದ್ದವನು. ಅವನ ಅಜ್ಜ ತರಿಸಿದ್ದ ಬೆಲ್ಜಿಯಂ ಕೋವಿಗಳ ಒಂದು ಜೋಡಿ ಅವರ ಮನೆಯಲ್ಲಿತ್ತು, ಅಕ್ಕತಂಗಿಯರ ಹಾಗೆ ಒಂದೇ ಅಚ್ಚು, ಅಜ್ಜನ ಕಾಲದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬಂದದ್ದೇ ಇಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಜಡೆ ಹೆಣೆದಂತೆ ಸುತ್ತಿ ಬಡಿದು ಮಾಡಿದ ನಳಿಗೆಗಳು. ಮೇಲೆಲ್ಲ ಹೊಳೆಯ ನೀರಿನಂಥ ಸುಳಿ. "ಮನೇಲಿ ಎರಡು ಯಾಕೆ ಸುಮ್ನೆ. ಒಂದು ನೀವಿಟ್ಕೊಳ್ಳಿ" ಎಂದು ಅವನು ಹೇಳಿದ ಬೆಲೆ ಒಂಟಿನಳಿಗೆಗಿಂತ ಸ್ವಲ್ಪವೇ ಹೆಚ್ಚು. ನಾನು ಕೊರಳಿನ ಸರ ಮಾರಿದೆ. ಲೈಸೆನ್ಸಿನಲ್ಲಿ ಬರೆಸಿಕೊಂಡೆ. ರಿಪೇರಿಯವರಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಗುಡ್ಡದ ಮೇಲೆ ನಾನು ಕೋವಿಯನ್ನು ನಡುವೆ ಮಡಚಿ ಕಾರ್ಟ್ರಿಜ್ ತುಂಬುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂದು ಕಿತ್ತುಕೊಂಡಿತು. ಅವರೇ. ನಳಿಗೆ ಬಿಚ್ಚಿ, ಜೇಬಿಂದ ದಾರ ತೆಗೆದು ತೂಗುಹಾಕಿ ಬಡಿದರು. ನನಗೆ ಏನೂ ವಿಶೇಷ ಕೇಳಿಸಲಿಲ್ಲ. ಅವರ ಮುಖ ಮಾತ್ರ ಬಿಳಿಚಿತು.

"ಇದು ಕರಿಮದ್ದಿನ ಕಾಲದ್ದು. ಹೆಣೆದ ನಳಿಗೆ. ಜಡೆ ಒಳಗೇ ಬಿಟ್ಟಿದೆ. ಈಗಿನ ಹೊಗೆಯಿಲ್ಲದ ಮದ್ದು ಹಾಕಿದ್ರೆ ನಿನ್ನ ಎಡಗೈ ಇಲ್ಲಿಂದ ಹೋಗ್ತದೆ" ಎಂದು ನನ್ನ ಮಣಿಕಟ್ಟನ್ನು ಉಗುರಿನಿಂದ ಗೀರಿ ತೋರಿಸಿದರು. ರಕ್ತ ಜಿನುಗಿತು.

ಗೌಡರ ಮಗ ನಕ್ಕ. "ನಮ್ಮಜ್ಜ ಇದರಲ್ಲಿ ಹುಲಿ ಹೊಡ್ದಿದ್ದಾರೆ. ಒಡೀತದೆ ಅಂದ್ರೆ ಒಡೆದು ತೋರ್ಸಿ."

ಅವರು ಕೋವಿಯನ್ನು ಜೀಪಿನ ಸ್ಟೆಪ್ನಿ ಚಕ್ರಕ್ಕೆ ಹಗ್ಗದಿಂದ ಬಿಗಿದರು. ಈಡು ಹಾರಿಸುವ ಕುದುರೆಗೆ ದಾರ ಕಟ್ಟಿ, ಎಲ್ಲರನ್ನೂ ಬಂಡೆಯ ಹಿಂದೆ ಕೂರಿಸಿ ಎಳೆದರು. ಈಡು ಹಾರಿತು. ನಳಿಗೆ ಒಡೆಯಲಿಲ್ಲ. ಎರಡನೆಯದು, ಮೂರನೆಯದು. ಐದರ ಹೊತ್ತಿಗೆ ಎಲ್ಲರೂ ಬಂಡೆಯ ಹಿಂದಿನಿಂದ ಎದ್ದು ಬಂದು ನಗುತ್ತಿದ್ದರು. ನಾನೂ ನಕ್ಕೆ. ನನ್ನ ಹೊಸ ಕೋವಿಯ ಮಾನ ಉಳಿಯಿತೆಂದು ನನಗೆ ಖುಷಿಯಾಗಿತ್ತು.

ಅವರು ಹಗ್ಗ ಬಿಚ್ಚಿದರು. ಕೋವಿ ನನಗೆ ಕೊಡುತ್ತಾರೆಂದು ಕೈ ಚಾಚಿದೆ. ಅವರು ಬಿಲ್ಲೆ ಯಂತ್ರದ ಗೂಟ ಹೊಡೆಯುವ ದೊಡ್ಡ ಸುತ್ತಿಗೆ ಎತ್ತಿಕೊಂಡು, ನಳಿಗೆಯನ್ನು ಬಂಡೆಯ ಮೇಲಿಟ್ಟು ಹೊಡೆದರು. ನಾನು ಅಡ್ಡ ಹೋದೆ. ಎಡಗೈಯಿಂದ ನನ್ನ ಬಲಗೆನ್ನೆಗೆ ಬಿಟ್ಟರು. ಕೆಳಗೆ ಬಿದ್ದೆ, ಕಿವಿ ಗುಂಯ್‌ ಎಂದಿತು, ಬಾಯಲ್ಲಿ ಒಂದು ಹಲ್ಲು ಸಡಿಲವಾಯಿತು. ಬಿದ್ದಲ್ಲಿಂದ ನೋಡುತ್ತಿದ್ದೆ. ಅವರು ಹೊಡೆಯುತ್ತಲೇ ಇದ್ದರು. ಸುಳಿಸುಳಿಯಾದ ಆ ಚಂದದ ನಳಿಗೆಗಳು ಚಪ್ಪಟೆಯಾದವು, ಹಿಡಿ ಸಿಡಿಯಿತು, ಅವರ ಹಣೆಗೆ ಒಂದು ಚೂರು ತಾಗಿ ರಕ್ತ ಕಣ್ಣಿಗಿಳಿಯಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ. ಮುಗಿದ ಮೇಲೆ ಸುತ್ತಿಗೆ ಅಲ್ಲೇ ಬಿಟ್ಟು, ಗುಡ್ಡ ಇಳಿದು ಬಸ್ಸಿಗೆ ಹೋದರು.

ನನ್ನಷ್ಟು ದ್ವೇಷವನ್ನು ಯಾರೂ ಯಾರ ಮೇಲೂ ಇಟ್ಟುಕೊಂಡಿರಲಿಕ್ಕಿಲ್ಲ. ಹೊಡೆತಕ್ಕಲ್ಲ, ಆ ನಗೆಯ ನಡುವೆ ಬಿದ್ದದ್ದಕ್ಕೆ. ಒಡೆಯದ ಕೋವಿಯನ್ನು ಒಡೆದು ಹಾಕಿದ ಹುಚ್ಚ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅದೂ ಸಾಲದೆ, ನನ್ನ ಕೈಲಿದ್ದ ಒಂದೇ ಆಯುಧ ತೆಗೆದೆ. ಆಫೀಸಿನ ದಪ್ಪ ಕಾಗದದ ಮೇಲೆ, ದುಂಡಗಿನ ಅಕ್ಷರದಲ್ಲಿ, ಅವರ ಪೂರ್ತಿ ಹೆಸರು, ತಂದೆಯ ಹೆಸರು, ಅಂಗಡಿಯ ವಿಳಾಸ ಬರೆದು ದೂರು ಕೊಟ್ಟೆ. ಗೌಡರ ಮಗ ಸಾಕ್ಷಿ ಹಾಕಿದ. ಅವರ ರಿಪೇರಿ ಪರ್ಮಿಟ್ ತಡೆಹಿಡಿದು, ವಿಚಾರಣೆ ಮುಗಿಯುವವರೆಗೆ ಅವರು ಯಾರ ಕೋವಿಯನ್ನೂ ಮುಟ್ಟಕೂಡದೆಂದು ಆರ್ಡರು ಬಂತು. ಅಂಗಡಿಯಲ್ಲಿದ್ದ ಕೋವಿಗಳೆಲ್ಲ ಪೊಲೀಸ್‌ ಸ್ಟೇಷನ್ನಿಗೆ ಹೋದವು, ಆ ಒಂಟಿನಳಿಗೆಯೂ.

ಆ ವರ್ಷ ಆಯುಧಪೂಜೆಗೆ ಮೊದಲು ಯಾರ ನಳಿಗೆಯನ್ನೂ ಯಾರೂ ಬಡಿದು ಕೇಳಲಿಲ್ಲ.

ಪೂಜೆಯ ದಿನ ಮಧ್ಯಾಹ್ನ ಗೌಡರ ಮನೆಯಲ್ಲಿ ನನಗೆ ಊಟ. ಅಂಗಳದಲ್ಲಿ ಮಣೆಯ ಮೇಲೆ ಕೋವಿ ಇಟ್ಟು, ಸೇವಂತಿಗೆ ಹೂ ಸುತ್ತಿದ್ದರು. ನನ್ನ ಕೋವಿಯ ಜೋಡಿಯದು ಅದು. ಮಂಗಳಾರತಿ ಆಗುತ್ತಿದ್ದಾಗ ರಿಪೇರಿಯವರು ಬಂದು ಬೇಲಿಯ ದಣಪೆಯ ಹೊರಗೆ ನಿಂತರು. ಹೆಗಲ ಮೇಲೆ ಟವೆಲು, ಹಣೆಯ ಮೇಲೆ ಗಾಯ ಮಾಗಿದ ಕಲೆ. ಅವರು ಬೇಡುವ ದನಿಯಲ್ಲಿ ಮಾತಾಡಿದ್ದನ್ನು ಅದೊಂದೇ ಸಲ ಕೇಳಿದ್ದೇನೆ.

"ಒಂದು ಸಲ ಬಡ್ದು ನೋಡ್ತೀನಿ ಗೌಡ್ರೆ. ಬಿಚ್ಚೋದೂ ಬ್ಯಾಡ. ನೀವೇ ಹಿಡ್ಕೊಳ್ಳಿ, ನಾನು ಇಲ್ಲಿಂದಲೇ ಕೇಳ್ತೀನಿ."

ಗೌಡರ ಮಗ ನನ್ನ ಕಡೆ ತಿರುಗಿದ. ಅವನ ನಗು ಹಾಗೇ ಇತ್ತು. "ಪರ್ಮಿಟ್ ಇಲ್ದೋರು ಕೋವಿ ನೋಡಬಹುದಾ? ನೀವು ಆಫೀಸಿನವ್ರು, ನೀವು ಹೇಳಿ."

ಎಲ್ಲರೂ ನನ್ನನ್ನು ನೋಡಿದರು. ಅವರೂ ನೋಡಿದರು. ಹೋಗಲಿ, ನೋಡಲಿ ಬಿಡಿ ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಹಲ್ಲು ಇನ್ನೂ ಅಲ್ಲಾಡುತ್ತಿತ್ತು.

"ಕಾನೂನಿನ ಪ್ರಕಾರ ಮುಟ್ಟೋ ಹಾಗಿಲ್ಲ" ಎಂದೆ.

ಗೌಡರ ಮಗ ಕೋವಿ ಎತ್ತಿದ. ಈಡಿನ ಶಬ್ದ ಬೇರೆಯಾಗಿತ್ತು, ಚಿಕ್ಕದಾಗಿ, ಹರಿದ ಹಾಗೆ. ನಮಗೆ ಯಾರಿಗೂ ಅರ್ಥವಾಗುವ ಮೊದಲೇ ಅವರು ದಣಪೆ ಹಾರಿ ಅರ್ಧ ಅಂಗಳ ಓಡಿ ಬಂದಿದ್ದರು. ಸೇವಂತಿಗೆ ಎಸಳು ಗಾಳಿಯಲ್ಲಿ ಇನ್ನೂ ಇಳಿಯುತ್ತಿತ್ತು. ಗೌಡರ ಮಗ ನಿಂತೇ ಇದ್ದ, ತನ್ನ ಎಡಗೈ ಇರಬೇಕಾದ ಕಡೆ ನೋಡುತ್ತ. ಮಣಿಕಟ್ಟಿನಿಂದ ಮುಂದೆ ಏನೂ ಇರಲಿಲ್ಲ. ಬಿಳಿಯ ಎರಡು ಎಲುಬು, ಮತ್ತೆ ರಕ್ತ, ಮಣೆಯ ಮೇಲೆ, ಆರತಿಯ ತಟ್ಟೆಯ ಮೇಲೆ, ನನ್ನ ಅಂಗಿಯ ಮೇಲೆ. ಅವನ ತಾಯಿ ಕಿರುಚುತ್ತಿದ್ದರು. ರಿಪೇರಿಯವರು ಅವನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ, ಟವೆಲಿನಿಂದ ತೋಳು ಬಿಗಿದು, ಒಂದು ಕೋಲು ಸಿಕ್ಕಿಸಿ ತಿರುಚಿದರು. ಅವನು ಒದ್ದಾಡಿದ್ದಕ್ಕೆ ಅವನ ಕೆನ್ನೆಗೂ ಎರಡು ಕೊಟ್ಟರು. ರಕ್ತ ನಿಂತಿತು. ಜೀಪು ಶಿವಮೊಗ್ಗದ ದಾರಿ ಹಿಡಿಯಿತು. ಅವನು ಬದುಕಿದ.

ಅಂಗಳದಲ್ಲಿ ಉಳಿದದ್ದು ನಾನು ಮತ್ತು ಅವರು. ನನಗೂ ಒಂದು ಏಟು ಬೀಳಲಿ ಎಂದು ಕಾಯುತ್ತಿದ್ದೆ. ನಿಜ ಹೇಳುತ್ತೇನೆ, ಆ ಏಟು ಬಿದ್ದಿದ್ದರೆ ನನ್ನ ಅರ್ಧ ಭಾರ ಅಲ್ಲೇ ಇಳಿಯುತ್ತಿತ್ತು. ಅವರು ಹತ್ತಿರ ಬಂದು, "ಕೈ ತೋರ್ಸು" ಎಂದರು. ಎಡಗೈ ಚಾಚಿದೆ. ರಕ್ತ ಮೆತ್ತಿದ ತಮ್ಮ ಕೈಯಲ್ಲಿ ಅದನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳು ಒಂದೊಂದನ್ನೂ ಎಳೆದು ನೋಡಿ ಬಿಟ್ಟರು.

"ಒಡೀತಲ್ಲ" ಎಂದರು. ನನಗೆ ಹೇಳಿದ್ದಲ್ಲ ಅದು. ತಮ್ಮ ಮನೆಯ ಕಡೆ ನಡೆದುಕೊಂಡು ಹೋದರು.

ನಾನು ದೂರು ವಾಪಸು ತೆಗೆದುಕೊಂಡೆ. ಪರ್ಮಿಟ್ ಮತ್ತೆ ಬಂತು. ಅವರು ಅಂಗಡಿ ತೆರೆಯಲಿಲ್ಲ. ನಾನು ಎರಡು ಸಲ ಅವರ ಮನೆಯ ಬಾಗಿಲಿಗೆ ಹೋದೆ. ಮೊದಲ ಸಲ ಒಳಗಿಂದ ಅರ ತೂರಿ ಬಂದು ಬಾಗಿಲ ಚೌಕಟ್ಟಿಗೆ ನಾಟಿತು. ಎರಡನೆಯ ಸಲ ಏನೂ ಬರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಸ್ಸಿನ ಕಂಡಕ್ಟರನಿಂದ ತಿಳಿಯಿತು. ಹೋಗುವಷ್ಟರಲ್ಲಿ ಸುಟ್ಟು ಬಂದಾಗಿತ್ತು. ಹೊಸನಗರದ ಕುಂಬಾರನ ಹೆಂಡತಿ ಜಗಲಿಯಲ್ಲಿ ಕೂತು ಅಳುತ್ತಿದ್ದಳು. ಗೌಡರ ಮಗ ಬಂದಿದ್ದ, ಅಂಗಿಯ ಎಡತೋಳನ್ನು ಮಡಿಚಿ ಪಿನ್ನು ಹಾಕಿಕೊಂಡು.

ಹೊರಡುವಾಗ ತೀರಿಕೊಂಡವರ ಹೆಂಡತಿ ಗೋಣಿತಾಟಿನಲ್ಲಿ ಸುತ್ತಿದ ಒಂದು ವಸ್ತು ತಂದು ಕೊಟ್ಟರು. "ನಿಮ್ಮದಂತೆ. ದಾರ ಕಟ್ಟಿಟ್ಟಿದ್ರು."

ಬಿಚ್ಚಿದೆ. ಹಲಸಿನ ಮರದಲ್ಲಿ ಕೆತ್ತಿದ ಕೋವಿಯ ಹಿಡಿ. ಅದಕ್ಕೆ ಎರಡು ಗಂಟಿನ ಒಂದು ದಾರ ಸುತ್ತಿತ್ತು.

"ಯಾವಾಗ ಮಾಡಿದ್ದು?" ಎಂದು ಕೇಳಿದೆ. ದೂರಿಗಿಂತ ಮೊದಲು ಎಂದು ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಆ ದಸರಾ ಕಳೆದ ಮೇಲೆ. ಒಂದೊಂದು ದಿನ ಬೈತಾ ಬೈತಾ ಕೆತ್ತೋರು. ಮರಕ್ಕೆ ಪರ್ಮಿಟ್ ಬ್ಯಾಡ ಅನ್ನೋರು" ಎಂದರು.

ನಾನು ಆಮೇಲೆ ಕೋವಿ ಕೊಳ್ಳಲಿಲ್ಲ. ಒಂಟಿನಳಿಗೆ ಸ್ಟೇಷನ್ನಿನಲ್ಲೇ ಉಳಿದು ಏನಾಯಿತೋ ಗೊತ್ತಿಲ್ಲ. ಅಂದು ಮನೆಗೆ ಬಂದು, ಅವರು ಕಲಿಸಿದ ಹಾಗೆ ಕಣ್ಣು ಮುಚ್ಚಿಕೊಂಡು, ಆ ಹಿಡಿಯನ್ನು ಭುಜಕ್ಕೆ ಎತ್ತಿದೆ. ಮರ ಬಂದು ನನ್ನ ಬಲಗೆನ್ನೆಗೆ ತಾಗಿತು, ಅವರ ಏಟು ಬಿದ್ದಿದ್ದ ಜಾಗಕ್ಕೇ. ಕೆನ್ನೆ ಒಂದು ಕೂದಲೆಳೆಯಷ್ಟೂ ಅದನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಎಡಗೈ ತಾನಾಗಿ ಮುಂದೆ ಹೋಯಿತು. ಅಲ್ಲಿ ಹಿಡಿಯಲು ನಳಿಗೆ ಇರಲಿಲ್ಲ. ಕೈ ಇತ್ತು, ಐದೂ ಬೆರಳು.